ಒಂದೇ ಮಲ ಪರೀಕ್ಷೆಗೆ ಸಿಗದ ಪರಾವಲಂಬಿಗಳು

ಆಸ್ಪತ್ರೆಗೆ ಬರುವ ರೋಗಿಗಳಲ್ಲಿ ಎಷ್ಟು ಜನರ ಕರುಳಿನಲ್ಲಿ ಪರಾವಲಂಬಿಗಳಿವೆ ಎಂದು ಕೇಳಿದರೆ ಒಂದೊಂದು ಆಸ್ಪತ್ರೆಯ ಲೆಕ್ಕ ಒಂದೊಂದು ಥರ ಇರುತ್ತದೆ. ನೀರು, ಶೌಚಾಲಯ, ವಯಸ್ಸು ಇದಕ್ಕೆ ಕಾರಣ, ನಿಜ. ಆದರೆ ಲ್ಯಾಬಿನಲ್ಲಿ ಮಲವನ್ನು ಯಾವಾಗ, ಎಷ್ಟು ಸಲ, ಹೇಗೆ ನೋಡಿದರು ಎನ್ನುವುದೂ ಅಷ್ಟೇ ದೊಡ್ಡ ಕಾರಣ.

ಆಸ್ಪತ್ರೆಯ ಶೇಕಡಾವಾರು ಊರಿನ ಶೇಕಡಾವಾರು ಅಲ್ಲ. ಭೇದಿ, ಹೊಟ್ಟೆನೋವು, ರಕ್ತಹೀನತೆ ಇರುವವರ ಮಲವೇ ಹೆಚ್ಚಾಗಿ ಲ್ಯಾಬಿಗೆ ಬರುತ್ತದೆ. ವಾರ್ಡಿಗೆ ದಾಖಲಾಗಿ ಮೂರು ದಿನ ಕಳೆದ ಮೇಲೆ ಶುರುವಾದ ಭೇದಿಗೆ ಪರಾವಲಂಬಿ ಕಾರಣವಾಗಿರುವುದು ಬಹಳ ಅಪರೂಪ. ಆ್ಯಂಟಿಬಯಾಟಿಕ್ ಅಥವಾ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಬ್ಯಾಕ್ಟೀರಿಯಾ ಕಾರಣವಾಗಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಹೊರರೋಗಿಗಳನ್ನೂ ಒಳರೋಗಿಗಳನ್ನೂ ಒಟ್ಟಿಗೆ ಎಣಿಸಿದ ಅಂಕಿಗೆ ಹೆಚ್ಚು ಅರ್ಥವಿಲ್ಲ.

ಸಾಮಾನ್ಯ ಪರೀಕ್ಷೆಯಲ್ಲಿ ಸುಮಾರು 2 ಮಿಲಿಗ್ರಾಂ ಮಲವನ್ನು ಸ್ಲೈಡಿನ ಒಂದು ಕಡೆ ಸಲೈನ್‌ನಲ್ಲಿ (ಉಪ್ಪುನೀರಿನಲ್ಲಿ), ಇನ್ನೊಂದು ಕಡೆ ಅಯೋಡಿನ್‌ನಲ್ಲಿ ಕಲಸಿ ಕವರ್ ಸ್ಲಿಪ್ ಮುಚ್ಚುತ್ತಾರೆ. ಅದರ ಮೂಲಕ ಅಚ್ಚಿನ ಅಕ್ಷರ ಓದಲು ಬರುವಷ್ಟು ತೆಳುವಾಗಿರಬೇಕು. ಸಲೈನ್‌ನಲ್ಲಿ ಜೀವಂತ ಅಮೀಬಾದ ಚಲನೆ ಕಾಣುತ್ತದೆ. ಅಯೋಡಿನ್ ಅದನ್ನು ಕೊಲ್ಲುತ್ತದೆ, ಆದರೆ ಸಿಸ್ಟ್‌ನೊಳಗಿನ (ಗಟ್ಟಿ ಹೊದಿಕೆಯೊಳಗೆ ಸುಮ್ಮನಿರುವ ರೂಪ) ನ್ಯೂಕ್ಲಿಯಸ್‌ಗಳನ್ನು ಎದ್ದು ಕಾಣಿಸುತ್ತದೆ. ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುವುದರಿಂದ ಇಷ್ಟರಲ್ಲೇ ಸಿಕ್ಕಿಬೀಳುತ್ತದೆ. ಭೇದಿ ತರುವ ಏಕಕೋಶ ಪರಾವಲಂಬಿ ಜಿಯಾರ್ಡಿಯಾ ಹಾಗಲ್ಲ, ಅದರ ಸಿಸ್ಟ್‌ಗಳು ಕೆಲವು ದಿನ ಮಲದಲ್ಲಿ ಬರುತ್ತವೆ, ಕೆಲವು ದಿನ ಬರುವುದೇ ಇಲ್ಲ. ಅದಕ್ಕೇ ದಿನ ಬಿಟ್ಟು ದಿನ ಮೂರು ಸ್ಯಾಂಪಲ್ ಕೇಳುವುದು. ಒಂದು ಸ್ಯಾಂಪಲ್ ಅರ್ಧದಷ್ಟು ಸೋಂಕುಗಳನ್ನು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ: ಎರಡರಲ್ಲಿ ಶೇ. 75, ಮೂರರಲ್ಲಿ ಶೇ. 87ಕ್ಕೂ ಹೆಚ್ಚು ಸಿಗುತ್ತವೆ. ಒಂದೇ ಸ್ಯಾಂಪಲ್ ನೋಡಿ ಬರೆದ ಆಸ್ಪತ್ರೆಯ ಅಂಕಿ ನಿಜಕ್ಕಿಂತ ಎಷ್ಟು ಕೆಳಗಿರಬಹುದೆಂದು ಇದರಿಂದಲೇ ಊಹಿಸಬಹುದು.

ಸ್ಯಾಂಪಲ್‌ಗಳು ಲ್ಯಾಬಿಗೆ ಬರುವ ದಾರಿಯಲ್ಲೇ ಹಾಳಾಗುವುದೂ ಉಂಟು. ನೀರಾದ ಮಲವನ್ನು ವಿಸರ್ಜನೆಯಾದ ಅರ್ಧ ಗಂಟೆಯೊಳಗೆ ನೋಡಬೇಕು, ಇಲ್ಲವಾದರೆ ಅಮೀಬಾ ಸತ್ತು ಕರಗಿಹೋಗುತ್ತದೆ. ಅಷ್ಟು ಬೇಗ ಆಗದಿದ್ದರೆ ಸೂಕ್ತ ಸಂರಕ್ಷಕ ದ್ರವದಲ್ಲಿ ಹಾಕಿಡಬೇಕು. ಮೂತ್ರ ಬೆರೆತರೂ ಅಮೀಬಾ ಉಳಿಯುವುದಿಲ್ಲ. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದಿದ್ದರೆ ಅದರ ಕಣಗಳೇ ಸ್ಲೈಡ್ ತುಂಬಾ ಕಾಣುತ್ತವೆ; ಆಗ ಒಂದು ವಾರವಾದರೂ ಕಾಯುವುದು ಒಳ್ಳೆಯದು.

ಸ್ಯಾಂಪಲ್ ಚೆನ್ನಾಗಿದ್ದರೂ ವಿಧಾನಕ್ಕೆ ಅದರದೇ ಮಿತಿಯಿದೆ. ಫಾರ್ಮಲಿನ್-ಈಥರ್ ವಿಧಾನದಲ್ಲಿ ಸುಮಾರು 1 ಗ್ರಾಂ ಮಲವನ್ನು 7 ಮಿ.ಲೀ. ಫಾರ್ಮಲಿನ್‌ನಲ್ಲಿ ಕದಡಿ, ಸೋಸಿ, 3 ಮಿ.ಲೀ. ಈಥರ್ ಸೇರಿಸಿ ಕುಲುಕಿ ಸೆಂಟ್ರಿಫ್ಯೂಜ್ ಮಾಡುತ್ತಾರೆ. ಕೊಬ್ಬು, ಕಸ ಮೇಲೇರಿ ಮೊಟ್ಟೆ, ಸಿಸ್ಟ್‌ಗಳು ತಳಕ್ಕಿಳಿಯುತ್ತವೆ. ಸುರಕ್ಷತೆಗಾಗಿ ಈಗ ಈಥರ್ ಬದಲು ಈಥೈಲ್ ಅಸಿಟೇಟ್ ಬಳಸುವುದೇ ಹೆಚ್ಚು. ಹುಳುಗಳ ಮೊಟ್ಟೆ ಎಣಿಸಲು ಬಳಸುವ ಕಾಟೋ-ಕಾಟ್ಜ್ ಸ್ಲೈಡಿನಲ್ಲಿ 41.7 ಮಿ.ಗ್ರಾಂ ಮಲವಿರುತ್ತದೆ, ಎಣಿಸಿದ ಮೊಟ್ಟೆಗಳನ್ನು 24ರಿಂದ ಗುಣಿಸಿದರೆ ಪ್ರತಿ ಗ್ರಾಂಗೆ ಎಷ್ಟೆಂದು ತಿಳಿಯುತ್ತದೆ. ಇಲ್ಲಿ ತಡಮಾಡಿದರೆ ಸ್ಲೈಡಿನಲ್ಲಿ ಬಳಸುವ ಗ್ಲಿಸರಿನ್ ಕೊಕ್ಕೆಹುಳುವಿನ ತೆಳು ಮೊಟ್ಟೆಗಳನ್ನು ಕಾಣದಂತೆ ಮಾಡಿಬಿಡುತ್ತದೆ, ಆದ್ದರಿಂದ ಒಂದು ಗಂಟೆಯೊಳಗೆ ನೋಡಿ ಮುಗಿಸಬೇಕು. 4ರಿಂದ 6 ಮೈಕ್ರೋಮೀಟರ್‌ನ ಕ್ರಿಪ್ಟೋಸ್ಪೊರಿಡಿಯಮ್ ಎಂಬ ಪುಟ್ಟ ಪರಾವಲಂಬಿ ಯೀಸ್ಟ್ ಎಂದೇ ಕಣ್ತಪ್ಪಿಹೋಗುತ್ತದೆ. ಅದನ್ನು ಪತ್ತೆಮಾಡಲು ಆ್ಯಸಿಡ್-ಫಾಸ್ಟ್ ಎಂಬ ವಿಶೇಷ ಬಣ್ಣ ಹಾಕಬೇಕು.

ಅಂಕಿ ಸುಳ್ಳೇ ಏರುವುದೂ ಉಂಟು. ರೋಗ ತರುವ ಎಂಟಮೀಬಾ ಹಿಸ್ಟೊಲಿಟಿಕಾ ಮತ್ತು ನಿರುಪದ್ರವಿ ಎಂಟಮೀಬಾ ಡಿಸ್ಪಾರ್‌ನ ಸಿಸ್ಟ್‌ಗಳು ಸೂಕ್ಷ್ಮದರ್ಶಕದಲ್ಲಿ ಒಂದೇ ರೀತಿ ಕಾಣುತ್ತವೆ. ಪಿಸಿಆರ್ (ಡಿಎನ್‌ಎ ಪತ್ತೆ) ಅಥವಾ ಆ್ಯಂಟಿಜೆನ್ (ಪರಾವಲಂಬಿಯ ಪ್ರೋಟೀನ್ ಪತ್ತೆ) ಪರೀಕ್ಷೆಯಿಲ್ಲದೆ ‘ಅಮೀಬಾ ಇದೆ’ ಎಂದು ಬರೆದ ರಿಪೋರ್ಟಿನಿಂದ ಎಷ್ಟೋ ಜನ ಬೇಡದ ಮಾತ್ರೆ ನುಂಗುತ್ತಾರೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಆತಂಕದ್ದು ಸ್ಟ್ರಾಂಗಿಲಾಯ್ಡಿಸ್ ಎಂಬ ಕರುಳಿನ ಹುಳು. ಮಲದಲ್ಲಿ ಇದರ ಮೊಟ್ಟೆ ಬರುವುದು ಅಪರೂಪ, ಮರಿಗಳು ಮಾತ್ರ, ಅವೂ ಬೆರಳೆಣಿಕೆಯಷ್ಟು. ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಯ ಮೇಲೆ ಮಲವಿಟ್ಟು ಎರಡು ದಿನ ಬಿಟ್ಟರೆ ತೆವಳಿದ ಮರಿಗಳ ಹಿಂದೆ ಬ್ಯಾಕ್ಟೀರಿಯಾ ಬೆಳೆದು ಅಂಕುಡೊಂಕು ಗೆರೆ ಮೂಡುತ್ತದೆ. ಈ ಹುಳು ದೇಹದೊಳಗೇ ಮತ್ತೆ ಮತ್ತೆ ಸೋಂಕುಂಟುಮಾಡುತ್ತಾ ದಶಕಗಳ ಕಾಲ ಸುಮ್ಮನಿರಬಲ್ಲದು. ಸ್ಟಿರಾಯ್ಡ್ ಕೊಟ್ಟಾಗ ರೋಗನಿರೋಧಕ ಶಕ್ತಿ ಕುಗ್ಗಿ, ಮರಿಗಳು ಲೆಕ್ಕವಿಲ್ಲದಷ್ಟಾಗಿ ಶ್ವಾಸಕೋಶ, ಮಿದುಳಿನವರೆಗೂ ಹೋಗಿ ಪ್ರಾಣಕ್ಕೇ ಕುತ್ತು ತರುತ್ತವೆ. ಆದ್ದರಿಂದ ಈ ಹುಳು ಇರುವ ಪ್ರದೇಶದಲ್ಲಿ ಬಾಳಿದವರಿಗೆ ಹೆಚ್ಚಿನ ಪ್ರಮಾಣದ ಸ್ಟಿರಾಯ್ಡ್ ಶುರುಮಾಡುವ ಮುನ್ನ ಮಲ ಪರೀಕ್ಷೆಯೊಂದನ್ನೇ ನಂಬದೆ ರಕ್ತದ ಪ್ರತಿಕಾಯ ಪರೀಕ್ಷೆಯನ್ನೂ ಮಾಡಿಸಬೇಕು. ಸೋಂಕು ಕಂಡರೆ ಐವರ್ಮೆಕ್ಟಿನ್‌ನಿಂದ ಚಿಕಿತ್ಸೆ ಸಾಧ್ಯ.