ನಾಯಿಯ ಕೊರಳಿಗೆ ಕರೆಂಟು: ವೇಲ್ಸ್ ಬೇಡ ಎಂದಿತು, ಇಂಗ್ಲೆಂಡ್ ಇನ್ನೂ ತಡವರಿಸುತ್ತಿದೆ

ವೇಲ್ಸ್‌ನ ದಕ್ಷಿಣ ಕರಾವಳಿಯಲ್ಲಿ ಆಗ್ಮೋರ್-ಬೈ-ಸೀ ಎಂಬ ಪುಟ್ಟ ಊರಿದೆ. ಅಲ್ಲಿಯ ಸಮುದ್ರದಂಡೆಯಲ್ಲಿ ಒಂದು ಬಾರ್ಡರ್ ಕಾಲೀ ನಾಯಿ ದಿಕ್ಕಿಲ್ಲದೆ ಅಲೆಯುತ್ತಿತ್ತು. ಕೊರಳಲ್ಲಿ ಒಂದು ಬೆಲ್ಟ್ ಇತ್ತು. ಮಾಮೂಲಿ ಬೆಲ್ಟ್ ಅಲ್ಲ, ಶಾಕ್ ಕೊಡುವ ಬೆಲ್ಟ್. ವಿಷಯ ಕೋರ್ಟಿಗೆ ಹೋಯಿತು. 2011ರಲ್ಲಿ ನಾಯಿ ಸಾಕಿದಾತನಿಗೆ 2,000 ಪೌಂಡ್ ದಂಡ ಬಿತ್ತು. ನಾಯಿಗೆ ಹೊಡೆದ ಎಂದಲ್ಲ, ಉಪವಾಸ ಕೆಡವಿದ ಎಂದೂ ಅಲ್ಲ. ಆ ಬೆಲ್ಟ್ ಕಟ್ಟಿದ್ದೇ ತಪ್ಪು. ಶಾಕ್ ಬೆಲ್ಟನ್ನು ನಿಷೇಧಿಸಿದ ವೇಲ್ಸ್‌ನ ಕಾನೂನಿನಡಿ ಆದ ಮೊದಲ ಶಿಕ್ಷೆ ಅದು.

ಒಂದು ವಿಚಿತ್ರ ನೋಡಿ. ವೇಲ್ಸ್‌ನಲ್ಲಿ ಜನ ಸುಮಾರು 30 ಲಕ್ಷ. ಕುರಿಗಳು ಅದರ ಮೂರು ಪಟ್ಟು. ನಾಯಿ ಕುರಿಯನ್ನು ಅಟ್ಟಿಸಿಕೊಂಡು ಹೋಗದಂತೆ ಮಾಡಲು ಈ ಬೆಲ್ಟಿಗಿಂತ ಒಳ್ಳೆಯ ಉಪಾಯವಿಲ್ಲ ಎಂದು ಅದನ್ನು ಮಾರುವವರು ಹೇಳುತ್ತಾರೆ. ಬ್ರಿಟನ್ನಿನಲ್ಲಿ ಅದನ್ನು ಮೊದಲು ನಿಷೇಧಿಸಿದ್ದು ಅದೇ ಕುರಿಗಳ ನಾಡು.

ಬೆಲ್ಟ್ ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ನೋಡೋಣ. ಒಳಬದಿಯಲ್ಲಿ ಎರಡು ಲೋಹದ ಮೊನೆಗಳಿರುತ್ತವೆ. ಅವು ಕೂದಲ ನಡುವೆ ತೂರಿ ಚರ್ಮಕ್ಕೆ ತಾಗಿಕೊಂಡಿರಬೇಕು. ಹೊರಗೆ ಬ್ಯಾಟರಿಯ ಡಬ್ಬಿ. ರಿಮೋಟ್ ಒತ್ತಿದರೆ ಒಂದು ಮೊನೆಯಿಂದ ಇನ್ನೊಂದಕ್ಕೆ ಚರ್ಮದ ಮೂಲಕ ಕರೆಂಟು ಹರಿಯುತ್ತದೆ. ಎಷ್ಟು ಜೋರು ಬೇಕು ಎಂದು ಗುಂಡಿ ತಿರುಗಿಸಿ ಇಟ್ಟುಕೊಳ್ಳಬಹುದು. ರಿಮೋಟ್ ಇಲ್ಲದ ಬಗೆಗಳೂ ಇವೆ. ಒಂದು, ನಾಯಿ ಬೊಗಳಿದ ಕೂಡಲೇ ತಾನಾಗಿ ಶಾಕ್ ಕೊಡುವಂಥದ್ದು. ಇನ್ನೊಂದು, ಅಂಗಳದ ಸುತ್ತ ನೆಲದಲ್ಲಿ ತಂತಿ ಹೂತಿಟ್ಟು, ನಾಯಿ ಆ ಗೆರೆ ದಾಟಲು ಹೋದರೆ ಚುರುಕು ಮುಟ್ಟಿಸುವಂಥದ್ದು.

ಇದು ಹುಟ್ಟಿದ್ದು ಅಮೆರಿಕದ ಬೇಟೆ ನಾಯಿಗಳ ಲೋಕದಲ್ಲಿ. ಅರಿಜೋನಾದ ಟೂಸಾನ್‌ನಲ್ಲಿ 1968ರಲ್ಲಿ ಶುರುವಾದ ಟ್ರೈ-ಟ್ರಾನಿಕ್ಸ್ ಕಂಪನಿ ಈ ವ್ಯಾಪಾರದ ದೊಡ್ಡ ಹೆಸರಾಯಿತು. ಬೇಟೆಗಾರನ ಕಷ್ಟ ಸರಳವಾದದ್ದು. ಕಾಡಿನಲ್ಲಿ ನಾಯಿ ಕಾಲು ಮೈಲಿ ಮುಂದೆ ಓಡುತ್ತಿರುತ್ತದೆ. ಹಿಡಿಯಬೇಕಾದ ಪ್ರಾಣಿ ಬಿಟ್ಟು ಜಿಂಕೆಯ ಹಿಂದೆ ಬೀಳುತ್ತದೆ. ಕೂಗಿದರೆ ಕೇಳುವುದಿಲ್ಲ, ಹಗ್ಗ ಅಷ್ಟು ಉದ್ದ ಇರುವುದಿಲ್ಲ. ಹಾಗಾಗಿ ಕೈಯ ಏಟನ್ನೇ ರೇಡಿಯೋ ಮೂಲಕ ಕಳಿಸಿದರು. ಆಗಿನ ಯಂತ್ರಗಳಲ್ಲಿ ಶಾಕಿನ ಬಿರುಸನ್ನು ದೂರದಿಂದ ಬದಲಿಸಲು ಆಗುತ್ತಿರಲಿಲ್ಲ. ನಾಯಿಯನ್ನು ಹತ್ತಿರ ಕರೆದು, ಬೆಲ್ಟಿನ ಪ್ಲಗ್ ಬದಲಿಸಬೇಕಿತ್ತು. ಆ ಕಾಲದಲ್ಲಿ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ನಾಯಿಗೆ ಕಲಿಸುವುದು ಎಂದರೇ ಸರಪಳಿ ಜಗ್ಗಿ, ಬೈದು, ಹೊಡೆದು ಕಲಿಸುವುದು ಎಂದಿದ್ದ ಕಾಲ ಅದು. ಅದರ ಪಕ್ಕದಲ್ಲಿ ಒಂದು ಕ್ಷಣದ ಶಾಕ್ ದೊಡ್ಡ ಕ್ರೌರ್ಯವಾಗಿ ಕಾಣಲಿಲ್ಲ.

ಬೇಟೆಯ ಕಾಡಿನಿಂದ ಈ ಬೆಲ್ಟ್ ಮನೆಯಂಗಳಕ್ಕೆ ಬಂದ ಮೇಲೆ ಜಗಳ ಶುರುವಾಯಿತು. ಕರೆದರೆ ಬರದ, ಬೈಕಿನ ಹಿಂದೆ ಓಡುವ, ಸುಮ್ನೆ ಬೊಗಳುವ ಮನೆ ನಾಯಿಗಳಿಗೂ ಜನ ಅದನ್ನು ಕಟ್ಟತೊಡಗಿದರು. ಅಷ್ಟು ಹೊತ್ತಿಗೆ ತರಬೇತಿಯ ರೀತಿಯೂ ಬದಲಾಗಿತ್ತು. ತಿಂಡಿ, ಆಟ, ಹೊಗಳಿಕೆಯಿಂದ ಕಲಿಸುವವರು ಜಾಸ್ತಿಯಾದರು. ಹೆಸರಿನಲ್ಲೇ ಎರಡು ಪಾಳೆಯವಾಯಿತು. ಬೇಡ ಎನ್ನುವವರು ‘ಶಾಕ್ ಕಾಲರ್’ ಎಂದರು. ಬೇಕು ಎನ್ನುವವರು ‘ಇ-ಕಾಲರ್’ ಎಂದರು. ಶಾಕ್ ಎಂಬ ಮಾತನ್ನೇ ಕೈಬಿಟ್ಟು ‘ಸ್ಟಿಮ್’ (ಸ್ಟಿಮ್ಯುಲೇಶನ್, ಅಂದರೆ ಪ್ರಚೋದನೆ) ಎನ್ನತೊಡಗಿದರು. ಯಾವ ಹೆಸರು ಬಳಸುತ್ತಾರೆ ಎಂದು ಕೇಳಿಸಿಕೊಂಡರೆ ಸಾಕು, ಮನುಷ್ಯ ಯಾವ ಕಡೆಯವನು ಎಂದು ತಿಳಿಯುತ್ತದೆ.

ಬೇಕು ಎನ್ನುವವರ ವಾದವನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ಅವರೆಲ್ಲ ನಾಯಿ ಕಿರುಚುವಷ್ಟು ಕರೆಂಟು ಕೊಡಿ ಎನ್ನುವವರಲ್ಲ. ನಾಯಿಗೆ ಏನೋ ತಾಗಿದಂತಾಗಿ ಕಿವಿ ಅಲುಗಿಸುವ ಅತಿ ಕಡಿಮೆ ಮಟ್ಟವನ್ನು ಹುಡುಕಿಕೊಳ್ಳಬೇಕು ಎನ್ನುತ್ತಾರೆ. ಕರೆಯುತ್ತಲೇ ಗುಂಡಿ ಒತ್ತಬೇಕು, ನಾಯಿ ತಿರುಗಿದ ಕ್ಷಣ ಬಿಡಬೇಕು. ತಿರುಗಿದರೆ ಚುರುಗುಟ್ಟುವುದು ನಿಲ್ಲುತ್ತದೆ ಎಂದು ನಾಯಿ ಕಲಿಯುತ್ತದೆ. ಬೆನ್ನುನೋವಿಗೆ ಫಿಸಿಯೋಥೆರಪಿಯವರು ಪ್ಯಾಡ್ ಅಂಟಿಸಿ ಕರೆಂಟು ಬಿಡುತ್ತಾರಲ್ಲ, ಅಷ್ಟೇ ಇದು ಎಂಬ ಹೋಲಿಕೆಯನ್ನೂ ಕೊಡುತ್ತಾರೆ. ಒಪ್ಪಬಹುದಾದ ಮಾತೇ. ಆದರೆ ಫಿಸಿಯೋಥೆರಪಿಯಲ್ಲಿ ಸಾಕು ಎನ್ನಲು ನಮಗೆ ಬಾಯಿರುತ್ತದೆ.

ತೊಂದರೆ ಇರುವುದು ಗಳಿಗೆಯಲ್ಲಿ. ನಾಯಿ ಬೈಕಿನ ಹಿಂದೆ ಓಡುತ್ತಿದೆ ಎಂದುಕೊಳ್ಳಿ. ನೀವು ಗುಂಡಿ ಒತ್ತುವುದು ಅರೆಕ್ಷಣ ತಡವಾಯಿತು. ಅಷ್ಟರಲ್ಲಿ ನಾಯಿಯ ಕಣ್ಣು ರಸ್ತೆ ಬದಿಯ ಮಗುವಿನ ಮೇಲೆ ಬಿದ್ದಿದೆ. ನಾಯಿಯ ಲೆಕ್ಕದಲ್ಲಿ ಶಾಕ್ ಕೊಟ್ಟದ್ದು ಬೈಕ್ ಅಲ್ಲ, ಆ ಮಗು. ಜರ್ಮನಿಯ ಹ್ಯಾನೋವರ್‌ನಲ್ಲಿ ಸಂಶೋಧಕರು ಇದನ್ನೇ 14 ಬೀಗಲ್ ನಾಯಿಗಳ ಮೇಲೆ ಅಳೆದು ನೋಡಿದರು. 2007ರಲ್ಲಿ ಫಲಿತಾಂಶ ಬಂತು. ಒಂದು ಗುಂಪಿಗೆ ಮೊಲದ ಬೊಂಬೆಯನ್ನು ಮುಟ್ಟಿದ ಕ್ಷಣದಲ್ಲೇ ಶಾಕ್. ಇನ್ನೊಂದಕ್ಕೆ ಕರೆದಾಗ ಬರದಿದ್ದರೆ ಶಾಕ್. ಮೂರನೆಯದಕ್ಕೆ ಹೊತ್ತುಗೊತ್ತಿಲ್ಲದ ಶಾಕ್. ಯಾಕೆ ಬಂತು ಎಂದು ತಿಳಿಯದ ಮೂರನೇ ಗುಂಪಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಎಲ್ಲಕ್ಕಿಂತ ಜಾಸ್ತಿ ಏರಿತು. ಮೊದಲ ಗುಂಪಿನಲ್ಲಿ ಎಲ್ಲಕ್ಕಿಂತ ಕಡಿಮೆ. ಈ ಫಲಿತಾಂಶವನ್ನು ಎರಡೂ ಕಡೆಯವರು ಹೆಮ್ಮೆಯಿಂದ ಎತ್ತಿ ತೋರಿಸುತ್ತಾರೆ! ಗಳಿಗೆ ಸರಿಯಿದ್ದರೆ ತೊಂದರೆ ಕಡಿಮೆ ಎಂದು ಇವರು, ಎಷ್ಟು ಜನರಿಗೆ ಆ ಗಳಿಗೆ ಸಾಧಿಸುತ್ತದೆ ಎಂದು ಅವರು.

ಅದಕ್ಕೂ ಮೊದಲು, 2004ರಲ್ಲಿ, ನೆದರ್‌ಲೆಂಡ್ಸ್‌ನ ಒಂದು ಅಧ್ಯಯನ ಪ್ರಕಟವಾಗಿತ್ತು. ಕಾವಲು ತರಬೇತಿಯ ಜರ್ಮನ್ ಶೆಫರ್ಡ್‌ಗಳನ್ನು ನೋಡಿದ್ದರು. ಹಿಂದೆ ಶಾಕ್ ತಿಂದಿದ್ದ ನಾಯಿಗಳು ತರಬೇತಿ ಮೈದಾನದಲ್ಲಷ್ಟೇ ಅಲ್ಲ, ಪಾರ್ಕಿನಲ್ಲಿ ಸುಮ್ಮನೆ ತಿರುಗಾಡುವಾಗಲೂ ಹೆಚ್ಚು ಅಳುಕುತ್ತಿದ್ದವು. ಯಜಮಾನ ಹತ್ತಿರವಿದ್ದಾನೆ ಎಂದರೆ ಶಾಕ್ ಬರಬಹುದು ಎಂದು ಅವು ಕಲಿತಿದ್ದವು ಎಂಬುದು ಸಂಶೋಧಕರ ತೀರ್ಮಾನ. ನನಗೆ ಇದು ಕಾರ್ಟಿಸಾಲ್‌ನ ಅಂಕಿಗಿಂತ ಹೆಚ್ಚು ಕಾಡಿತು.

ಎರಡು ವರ್ಷ ಬಿಟ್ಟು, 2006ರ ಫೆಬ್ರವರಿಯಲ್ಲಿ, ಜರ್ಮನಿಯ ಫೆಡರಲ್ ಆಡಳಿತ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ನಾನು ಹುಷಾರಾಗಿ, ಕಡಿಮೆ ಮಟ್ಟದಲ್ಲಿ ಬಳಸುತ್ತೇನೆ ಎಂಬ ವಾದ ನಡೆಯುವುದಿಲ್ಲ ಎಂದಿತು ಕೋರ್ಟು. ಯಂತ್ರ ಹೆಚ್ಚಿನ ನೋವು ಕೊಡುವಂತೆ ತಯಾರಾಗಿದೆಯೋ ಇಲ್ಲವೋ, ಅಷ್ಟನ್ನೇ ನೋಡಬೇಕು. ರಿಮೋಟ್ ಯಾರ ಕೈಯಲ್ಲಿದೆ ಎಂಬುದನ್ನಲ್ಲ. ಒಳ್ಳೆಯ ತರಬೇತುದಾರರಿಗೆ ಇದರಿಂದ ಸಿಟ್ಟು ಬಂದದ್ದು ಸಹಜ. ಆದರೆ ಪ್ರತಿ ಅಂಗಳದಲ್ಲೂ ಪೊಲೀಸನನ್ನು ನಿಲ್ಲಿಸಿ ಎಷ್ಟನೇ ಮಟ್ಟ ಎಂದು ನೋಡಲು ಆಗುವುದಿಲ್ಲವಲ್ಲ.

ವೇಲ್ಸ್ ಕೂಡ ಇದೇ ದಾರಿ ಹಿಡಿಯಿತು. 2010ರ ಮಾರ್ಚ್‌ನಲ್ಲಿ, ಎಲಿನ್ ಜೋನ್ಸ್ ಗ್ರಾಮೀಣ ವ್ಯವಹಾರಗಳ ಮಂತ್ರಿಯಾಗಿದ್ದಾಗ, ನಾಯಿಗೂ ಬೆಕ್ಕಿಗೂ ಶಾಕ್ ಬೆಲ್ಟ್ ಕಟ್ಟುವುದು ಅಪರಾಧವಾಯಿತು. ಅಂಗಳದ ತಂತಿ ಬೇಲಿಯ ಬೆಲ್ಟನ್ನೂ ಬಿಡಲಿಲ್ಲ. ತಯಾರಕರ ಸಂಘ ಮತ್ತು ಪೆಟ್‌ಸೇಫ್ ಕಂಪನಿ ಕೋರ್ಟಿಗೆ ಹೋದವು. ನಮ್ಮ ವ್ಯಾಪಾರದ ಹಕ್ಕಿಗೆ ಧಕ್ಕೆ, ಯುರೋಪಿನೊಳಗೆ ಸರಕು ಓಡಾಡುವ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ವಾದಿಸಿದವು. ಅದೇ ವರ್ಷ ನವೆಂಬರ್‌ನಲ್ಲಿ ಹೈಕೋರ್ಟು ಅರ್ಜಿ ತಳ್ಳಿಹಾಕಿತು.

ಇಂಗ್ಲೆಂಡ್ ಮಾತ್ರ ಮೊದಲು ಪುರಾವೆ ಬರಲಿ ಎಂದು ಕಾಯಿತು. ಸರ್ಕಾರವೇ ದುಡ್ಡು ಕೊಟ್ಟು ಲಿಂಕನ್ ವಿಶ್ವವಿದ್ಯಾಲಯದವರಿಂದ ಅಧ್ಯಯನ ಮಾಡಿಸಿತು. 2014ರಲ್ಲಿ ಪ್ರಕಟವಾದ ಆ ಅಧ್ಯಯನವೇ ಈ ಚರ್ಚೆಯ ನಡುಗಂಬ ಎನ್ನಬಹುದು. ಕರೆದರೆ ಬರದ, ಕುರಿ ಮುಂತಾದವುಗಳ ಬೆನ್ನು ಹತ್ತುವ 63 ಮನೆ ನಾಯಿಗಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಬೆಲ್ಟ್ ಕಟ್ಟಿ ಕಲಿಸಿದವರು ಸುಮ್ಮನೆ ಯಾರೋ ಅಲ್ಲ, ಬೆಲ್ಟ್ ತಯಾರಕರ ಸಂಘವೇ ಸೂಚಿಸಿದ ನುರಿತವರು. ಅದೇ ತರಬೇತುದಾರರು ಎರಡನೇ ಗುಂಪಿಗೆ ಶಾಕ್ ಇಲ್ಲದೆ ಕಲಿಸಿದರು. ಮೂರನೇ ಗುಂಪಿಗೆ ತಿಂಡಿ ಕೊಟ್ಟು ಕಲಿಸುವ ಬೇರೆ ತರಬೇತುದಾರರು. ಕೊನೆಗೆ ಮೂರೂ ಗುಂಪುಗಳ ನಾಯಿಗಳು ಸುಧಾರಿಸಿದವು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಯಜಮಾನರು ನಮ್ಮ ನಾಯಿ ಪರವಾಗಿಲ್ಲ ಈಗ ಎಂದರು. ಬೆಲ್ಟ್ ಕಟ್ಟಿದವು ಬೇರೆಯವಕ್ಕಿಂತ ಚೆನ್ನಾಗಿ ಕಲಿತವು ಎಂದು ಹೇಳಲು ಏನೂ ಸಿಗಲಿಲ್ಲ. ಆದರೆ ಅವು ಹೆಚ್ಚು ಬಿಗಿಯಾಗಿದ್ದವು, ಹೆಚ್ಚು ಆಕಳಿಸುತ್ತಿದ್ದವು. ನಾಯಿ ಆಕಳಿಸುವುದು ಎಷ್ಟೋ ಸಲ ನಿದ್ದೆ ಬಂದಲ್ಲ, ಕಸಿವಿಸಿಯಾದಾಗ. ಸುತ್ತಮುತ್ತ ಮೂಸಿ ನೋಡುವುದೂ ಕಡಿಮೆಯಾಗಿತ್ತು. ಮನೆಯಲ್ಲಿ ಇದೇ ರೀತಿ ಮುಂದುವರಿಸಬಲ್ಲೆವು ಎಂಬ ಧೈರ್ಯ ಕಡಿಮೆಯಿದ್ದದ್ದೂ ಬೆಲ್ಟ್ ಗುಂಪಿನ ಯಜಮಾನರಿಗೇ.

ಚರ್ಚೆ ತಿರುಗಿಕೊಂಡದ್ದು ಇಲ್ಲಿ ಎಂದು ನನಗೆ ಅನಿಸುತ್ತದೆ. ಅಲ್ಲಿಯವರೆಗೆ ಬೆಲ್ಟ್ ಕೆಲಸ ಮಾಡುತ್ತಾ ಎಂದು ಕೇಳುತ್ತಿದ್ದರು. ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಈಗ ಕೇಳತೊಡಗಿದ್ದು, ಅದಿಲ್ಲದೆಯೂ ಆಗುವುದಾದರೆ ಯಾಕೆ ಬೇಕು ಎಂದು. ಪ್ರಾಣಿ ಕಾನೂನುಗಳ ಬುಡದಲ್ಲಿರುವುದೂ ಇದೇ ಪ್ರಶ್ನೆ. ಬ್ರಿಟನ್ನಿನ 2006ರ ಕಾಯ್ದೆ ತಡೆಯುವುದು ‘ಅನಗತ್ಯ’ ಸಂಕಟವನ್ನು. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ‘ಅನಗತ್ಯ’ ನೋವು ಎಂದೇ ಹೇಳುತ್ತದೆ. ನಮ್ಮಲ್ಲಿ ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಇವತ್ತು ಬೆಂಗಳೂರಿನಲ್ಲಿ ಆ ದುಡ್ಡಿಗೆ ನಾಯಿ ಬಿಸ್ಕತ್ತಿನ ಒಂದು ಪೊಟ್ಟಣ ಬಂದರೆ ದೊಡ್ಡದು. ಶಾಕ್ ಬೆಲ್ಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಅಪಾರ್ಟ್‌ಮೆಂಟಿನ ಪಕ್ಕದ ಮನೆಯವರು ಬೊಗಳಾಟದ ಬಗ್ಗೆ ದೂರು ಕೊಟ್ಟಾಗ ಮೊದಲು ನೆನಪಾಗುವುದೂ ಅದೇ. ಒಬ್ಬಂಟಿಯಾಗಿ ಬೇಜಾರಾಗಿ ಬೊಗಳುವ ನಾಯಿಗೆ ಶಾಕ್ ಕೊಟ್ಟರೆ ಬೊಗಳುವುದು ನಿಲ್ಲಬಹುದು, ಬೇಜಾರು ನಿಲ್ಲುತ್ತದಾ?

ಆದರೆ ‘ಅನಗತ್ಯ’ ಎಂಬ ಮಾತನ್ನೇ ತಿರುವಿ ಕೇಳುವ ಜಾಗ ಒಂದಿದೆ. ನ್ಯೂಜಿಲೆಂಡ್. ಅಲ್ಲಿಯ ಕಿವಿ ಹಕ್ಕಿ ಹಾರಲಾರದು. 1987ರಲ್ಲಿ ವೈಟಾಂಗಿ ಕಾಡಿನಲ್ಲಿ ಒಂದೇ ಒಂದು ನಾಯಿ ಕೆಲವು ವಾರಗಳಲ್ಲಿ ಸುಮಾರು 500 ಕಿವಿಗಳನ್ನು ಕೊಂದಿರಬೇಕು ಎಂದು ಸಂಶೋಧಕರು ಅಂದಾಜು ಮಾಡಿದರು. ಹಾಗಾಗಿ ಅಲ್ಲಿ ಕಿವಿಗಳಿರುವ ಕಾಡಿಗೆ ಹೋಗುವ ಬೇಟೆ ನಾಯಿಗಳಿಗೆ ಶಾಕ್ ಬೆಲ್ಟ್ ಕಟ್ಟಿಯೇ ಪಾಠ ಮಾಡುತ್ತಾರೆ. ಹುಲ್ಲಿನ ನಡುವೆ ಸತ್ತ ಕಿವಿಯ ದೇಹ, ಅದರ ಹಿಕ್ಕೆ ಇಟ್ಟಿರುತ್ತಾರೆ. ನಾಯಿ ಮೂಸಿದ ಕ್ಷಣ ಒಂದು ಶಾಕ್. ಆಮೇಲೆ ಆ ವಾಸನೆ ಬಂದರೆ ನಾಯಿಯೇ ಸುತ್ತಿ ಬಳಸಿ ಹೋಗುತ್ತದೆ. ಕಲಿತದ್ದು ಮರೆತಿಲ್ಲವೇ ಎಂದು ಆಗಾಗ ಮತ್ತೆ ಪರೀಕ್ಷೆ. ಒಂದು ಕ್ಷಣದ ನೋವನ್ನು ಒಂದು ಹಕ್ಕಿಯ ಕುಲದ ಪಕ್ಕ ಇಟ್ಟು ತೂಗಿದರೆ, ಅದು ತಪ್ಪು ಎಂದು ಎದೆ ತಟ್ಟಿ ಹೇಳಲು ನನಗಾಗುವುದಿಲ್ಲ.

ಕುರಿ ಸಾಕುವವರ ವಾದವೂ ಇದೇ ಬಗೆಯದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕುರಿಯ ಮೇಲೆ ಬಿದ್ದ ನಾಯಿಯನ್ನು, ಬೇರೆ ದಾರಿಯಿಲ್ಲದಾಗ ಗುಂಡಿಕ್ಕಿ ಕೊಂದ ರೈತನಿಗೆ 1971ರ ಕಾಯ್ದೆ ರಕ್ಷಣೆ ಕೊಡುತ್ತದೆ. ಗುಂಡಿಗಿಂತ ಶಾಕ್ ವಾಸಿ ಅಲ್ವಾ ಎಂದು ಅವರು ಕೇಳುತ್ತಾರೆ. 2024ರಲ್ಲಿ ಅಮೆರಿಕದ ಅರಿಜೋನಾದಿಂದ ಬಂದ ಅಧ್ಯಯನ ಇವರ ಕೈ ಬಲಪಡಿಸಿತು. ಓಡುವ ಬೊಂಬೆಯ ಹಿಂದೆ ಬೀಳುವ 19 ನಾಯಿಗಳಲ್ಲಿ, ಬೆಲ್ಟ್ ಕಟ್ಟಿದವು ಬೇಗನೆ ಓಟ ಬಿಟ್ಟವು. ತಿಂಡಿ ಕೊಟ್ಟು ಕಲಿಸಿದವು ಐದು ದಿನವಾದರೂ ಬಿಡಲಿಲ್ಲ. ಐದು ದಿನದಲ್ಲಿ ತಿಂಡಿಯ ಪಾಠ ಮುಗಿಸಲು ಯಾರು ಹೇಳಿದರು, ಹಗ್ಗವಿಲ್ಲದೆ ಓಡಲು ಬಿಟ್ಟು ಕಲಿಸುವುದು ಯಾವ ಕ್ರಮ ಎಂದು ಇನ್ನೊಂದು ಕಡೆಯವರು ತಿರುಗಿಬಿದ್ದರು. ಹಗ್ಗ ಎಂಬ ವಸ್ತು ಇದ್ದೇ ಇದೆಯಲ್ಲ, ಕುರಿಗಳ ಹತ್ತಿರ ಅದನ್ನೇ ಯಾಕೆ ಹಾಕಬಾರದು ಎಂಬುದು ನನ್ನ ಮನಸ್ಸಿಗೆ ಬಂದ ಸಣ್ಣ ಪ್ರಶ್ನೆ.

ಈ ನಡುವೆ ಆಸ್ಟ್ರಿಯಾ, ಸ್ವೀಡನ್, ಡೆನ್ಮಾರ್ಕ್ ಹೀಗೆ ಹಲವು ದೇಶಗಳು ಬೆಲ್ಟ್ ಬೇಡ ಎಂದಿದ್ದವು. ಸ್ಪೇನ್ 2023ರಲ್ಲಿ ಸೇರಿಕೊಂಡಿತು. ಅಮೆರಿಕದಲ್ಲಿ ಕಾನೂನು ಬರಲಿಲ್ಲ, ಆದರೆ ಪೆಟ್ಕೋ ಎಂಬ ದೊಡ್ಡ ಅಂಗಡಿ ಸರಪಳಿ 2020ರಲ್ಲಿ ಇವನ್ನು ಮಾರುವುದನ್ನೇ ನಿಲ್ಲಿಸಿತು.

ಇಂಗ್ಲೆಂಡ್? 2018ರಲ್ಲಿ ಪರಿಸರ ಮಂತ್ರಿ ಮೈಕೆಲ್ ಗೋವ್ ನಿಷೇಧ ತರುತ್ತೇವೆ ಎಂದರು. ನಿಯಮ ಸಂಸತ್ತಿನ ಮುಂದೆ ಬರಲು 2023 ಆಯಿತು. ಅಷ್ಟರಲ್ಲಿ ಅಂಗಳದ ತಂತಿ ಬೇಲಿಯನ್ನು ಕೈಬಿಟ್ಟು, ರಿಮೋಟ್ ಬೆಲ್ಟನ್ನಷ್ಟೇ ಉಳಿಸಿಕೊಂಡಿದ್ದರು. ಮೇಲ್ಮನೆ ಜೂನ್‌ನಲ್ಲಿ ಒಪ್ಪಿತು. 2024ರ ಫೆಬ್ರವರಿ 1ರಿಂದ ಜಾರಿ ಎಂದು ದಿನವೂ ಗೊತ್ತಾಗಿತ್ತು. ಕೆಳಮನೆಯಲ್ಲಿ ಮಾತ್ರ ಮತಕ್ಕೆ ಹಾಕಲೇ ಇಲ್ಲ. ದಿನ ಬಂತು, ಹೋಯಿತು. ಜುಲೈನಲ್ಲಿ ಚುನಾವಣೆ ಆಗಿ ಸರ್ಕಾರವೇ ಬದಲಾಯಿತು. ನಿಯಮ ಅಲ್ಲಿಗೇ ಬಿದ್ದುಹೋಯಿತು.

ಇಂಗ್ಲೆಂಡ್ ಮತ್ತು ವೇಲ್ಸ್ ನಡುವಿನ ಗಡಿಯ ಉದ್ದಕ್ಕೂ ಆಫಾಸ್ ಡೈಕ್ ಎಂಬ ಕಾಲುದಾರಿ ಇದೆ. ಸುಮಾರು 285 ಕಿಲೋಮೀಟರ್ ಉದ್ದ. ಅಕ್ಕಪಕ್ಕ ಕುರಿ ಮೇಯುವ ಗುಡ್ಡಗಳು. ದಾರಿ ಇಪ್ಪತ್ತಕ್ಕೂ ಹೆಚ್ಚು ಸಲ ಗಡಿ ದಾಟುತ್ತದೆ. ಶಾಕ್ ಬೆಲ್ಟ್ ಕಟ್ಟಿದ ನಾಯಿಯೊಡನೆ ಅಲ್ಲಿ ನಡೆದವರು ಒಂದು ಗುಡ್ಡದ ಮೇಲೆ ಅಪರಾಧಿ, ಕೆಳಗಿಳಿದರೆ ಅಲ್ಲ, ಮುಂದಿನ ತಿರುವಿನಲ್ಲಿ ಮತ್ತೆ ಅಪರಾಧಿ.