ಟಿಪಿಎಂ ಚಿಪ್ ಕೊಳ್ಳುವ ಮೊದಲು ಡಿಸ್ಕ್ ನೋಡಿ

ಬೆಂಗಳೂರಿನ ಎಸ್.ಪಿ. ರೋಡಿಗೆ ಬಂದು "ಅಣ್ಣ, ಟಿಪಿಎಂ ಚಿಪ್ ಇದೆಯಾ?" ಎಂದು ಕೇಳುವವರು ಇನ್ನೂ ಕಡಿಮೆಯಾಗಿಲ್ಲ. ಮನೆಯಲ್ಲಿರುವುದು ಐದಾರು ವರ್ಷದ ಹಿಂದೆ ಇದೇ ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಪಿಸಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. 11 ಹಾಕಲು ಹೋದರೆ ಈ ಪಿಸಿಗೆ ಆಗುವುದಿಲ್ಲ ಎಂಬ ಸಾಲು. ಯಾರೋ ಟಿಪಿಎಂ (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಭಾಗ, 11ಕ್ಕೆ ಇದು ಬೇಕು) ಅಂದರು, ಇವರು ಗಾಡಿ ಹತ್ತಿ ಬಂದರು. ಪ್ರೊಸೆಸರ್ ಯಾವುದೆಂದು ಕೇಳಿದರೆ ಐ5 9400ಎಫ್, ಇಲ್ಲವೇ ರೈಜನ್ 5 3600. ಎರಡಕ್ಕೂ ಚಿಪ್ ಬೇಡ. ಟಿಪಿಎಂ 2.0 ಅವುಗಳ ಜೊತೆಗೇ ಬಂದಿದೆ, ಬಯೋಸ್‌ನಲ್ಲಿ (ಪಿಸಿ ಆನ್ ಆದಾಗ ಮೊದಲು ಏಳುವ, ಬೋರ್ಡಿನ ಸೆಟ್ಟಿಂಗ್ ಇರುವ ತಂತ್ರಾಂಶ) ಆಫ್ ಆಗಿದೆ ಅಷ್ಟೆ.

ಇಂಟೆಲ್‌ನವರು ಅದನ್ನು ಪಿಟಿಟಿ ಎನ್ನುತ್ತಾರೆ, ಎಎಂಡಿಯವರು ಎಫ್‌ಟಿಪಿಎಂ. ಗಿಗಾಬೈಟ್ ಬೋರ್ಡಿನಲ್ಲಿ ಸೆಟ್ಟಿಂಗ್ಸ್ ಕೆಳಗಿನ ಮಿಸಲೇನಿಯಸ್‌ನಲ್ಲಿ, ಎಂಎಸ್‌ಐನಲ್ಲಿ ಸೆಕ್ಯುರಿಟಿಯೊಳಗಿನ ಟ್ರಸ್ಟೆಡ್ ಕಂಪ್ಯೂಟಿಂಗ್‌ನಲ್ಲಿ, ಆಸುಸ್‌ನ ಇಂಟೆಲ್ ಬೋರ್ಡಿನಲ್ಲಿ ಅಡ್ವಾನ್ಸ್ಡ್ ಕೆಳಗಿನ ಪಿಸಿಎಚ್-ಎಫ್‌ಡಬ್ಲ್ಯು ಕಾನ್ಫಿಗರೇಶನ್‌ನಲ್ಲಿ ಸಿಗುತ್ತದೆ. ಬಯೋಸ್ ಆವೃತ್ತಿ ಬದಲಾದರೆ ಮೆನು ಸ್ವಲ್ಪ ಆಚೀಚೆ ಇರಬಹುದು. ಆನ್ ಮಾಡಿ, ವಿಂಡೋಸ್‌ಗೆ ಬಂದು ಟಿಪಿಎಂ.ಎಂಎಸ್‌ಸಿ ಓಡಿಸಿ, ಆವೃತ್ತಿ 2.0 ಎಂದಿದೆಯೇ ನೋಡಿ. ಬಿಡಿ ಮಾಡ್ಯೂಲ್‌ಗೆ ದುಡ್ಡು ಸುರಿಯಬೇಡಿ. ಅದರ ಪಿನ್ ಜೋಡಣೆ ಬೋರ್ಡಿನಿಂದ ಬೋರ್ಡಿಗೆ ಬೇರೆ. ಒಂದೇ ಕಂಪನಿಯ ಎರಡು ಬೋರ್ಡಿಗೂ ಹೊಂದದೆ ಇರುವುದುಂಟು.

ಇಷ್ಟು ಸುಲಭದ ಭಾಗ. ಜನ ನಿಜವಾಗಿ ಸಿಕ್ಕಿಹಾಕಿಕೊಳ್ಳುವುದು ಇದರ ಮುಂದಿನ ಹೆಜ್ಜೆಯಲ್ಲಿ, ಅದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಟಿಪಿಎಂ ಆನ್ ಆಯಿತು, ಈಗ ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶ ಮಾತ್ರ ಬೂಟ್ ಆಗಲು ಬಿಡುವ ರಕ್ಷಣೆ) ಎಂದುಕೊಂಡು, ಹಳೆಯ ಬೂಟ್ ಪದ್ಧತಿಗೆ ದಾರಿ ಬಿಡುವ ಸೆಟ್ಟಿಂಗ್ ಆದ ಬಯೋಸ್‌ನಲ್ಲಿ ಸಿಎಸ್‌ಎಂ ಆಫ್ ಮಾಡುತ್ತಾರೆ. ಮರುಕ್ಷಣ ಪಿಸಿ ವಿಂಡೋಸ್‌ಗೆ ಹೋಗದೆ ಮತ್ತೆ ಮತ್ತೆ ಬಯೋಸ್‌ಗೇ ಬಂದು ನಿಲ್ಲುತ್ತದೆ. ಡಿಸ್ಕ್ ಹೋಯಿತು ಎಂದು ಗಾಬರಿಬಿದ್ದು ಫಾರ್ಮ್ಯಾಟ್ ಮಾಡಿಸುತ್ತಾರೆ. ಮಗುವಿನ ನಾಮಕರಣದ ಫೋಟೋ, ಅಪ್ಪನ ಪೆನ್ಷನ್ ಕಾಗದದ ಸ್ಕ್ಯಾನ್ ಎಲ್ಲ ಹಾಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಏಕೆಂದರೆ ಡಿಸ್ಕಿಗೆ ಏನೂ ಆಗಿರಲಿಲ್ಲ. ಸಿಎಸ್‌ಎಂ ಮತ್ತೆ ಆನ್ ಮಾಡಿದ್ದರೆ ಎಲ್ಲ ಇದ್ದಲ್ಲೇ ಇರುತ್ತಿತ್ತು.

ಆಗಿರುವುದು ಇಷ್ಟು. ಹಳೆಯ ಪದ್ಧತಿಯಲ್ಲಿ, ಅಂದರೆ ಎಂಬಿಆರ್ ಡಿಸ್ಕಿನಲ್ಲಿ, ಬೂಟ್ ಮಾಡುವ ಕೋಡ್ ಡಿಸ್ಕಿನ ಮೊದಲ ಸೆಕ್ಟರ್‌ನಿಂದ ಶುರುವಾಗುತ್ತದೆ. ಹೊಸ ಪದ್ಧತಿಯಾದ ಯುಇಎಫ್‌ಐ ಆ ಕೋಡ್ ಓಡಿಸುವುದೇ ಇಲ್ಲ. ಜಿಪಿಟಿ ಎಂಬ ಹೊಸ ವಿನ್ಯಾಸದ ಡಿಸ್ಕಿನಲ್ಲಿ ಇಎಫ್‌ಐ ಎಂಬ ಪುಟ್ಟ ಪಾರ್ಟಿಷನ್ ಹುಡುಕಿ ಅದರೊಳಗಿನ ಫೈಲ್ ಓಡಿಸುತ್ತದೆ. ಸಿಎಸ್‌ಎಂ ಎಂಬುದು ಇವೆರಡರ ನಡುವಿನ ದುಭಾಷಿ. ಪಿಸಿ ಜೋಡಿಸಿದ ದಿನ ಯಾರೋ ಹಳೆಯ ಪೆನ್‌ಡ್ರೈವ್‌ನಿಂದ ಲೆಗಸಿ, ಅಂದರೆ ಹಳೆಯ ಮೋಡಿನಲ್ಲಿ ವಿಂಡೋಸ್ ಹಾಕಿದ್ದರೆ ಡಿಸ್ಕ್ ಎಂಬಿಆರ್ ಆಗಿ ಉಳಿದಿರುತ್ತದೆ. ದುಭಾಷಿಯನ್ನು ಹೊರಗೆ ಕಳಿಸಿದಿರಿ, ಮಾತು ನಿಂತಿತು.

ಆದ್ದರಿಂದ ಮೊದಲು ಡಿಸ್ಕ್, ಆಮೇಲೆ ಸಿಎಸ್‌ಎಂ. ಎಂಎಸ್‌ಇನ್ಫೋ32 ಓಡಿಸಿ ಬಯೋಸ್ ಮೋಡ್ ಎಂಬ ಸಾಲು ನೋಡಿ. ಯುಇಎಫ್‌ಐ ಎಂದಿದ್ದರೆ ಈ ಕೆಲಸ ನಿಮಗಿಲ್ಲ. ಲೆಗಸಿ ಎಂದಿದ್ದರೆ ಬೇಕಾದ ಫೈಲುಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿಕೊಂಡು, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ವಿಂಡೋಸ್ ಎಷ್ಟನೇ ಡಿಸ್ಕಿನಲ್ಲಿದೆ ಎಂದು ನೋಡಿ. ಅದು 0 ಆದರೆ, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಡಿಸ್ಕನ್ನು ಎಂಬಿಆರ್ ಇಂದ ಜಿಪಿಟಿಗೆ ಬದಲಿಸಬಹುದೇ ಎಂದು ನೋಡಲು ಎಂಬಿಆರ್2ಜಿಪಿಟಿ /ವ್ಯಾಲಿಡೇಟ್ /ಡಿಸ್ಕ್:0 /ಅಲೋಫುಲ್‌ಓಎಸ್ (mbr2gpt /validate /disk:0 /allowFullOS) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಇದು ಬರೀ ಪರೀಕ್ಷೆ, ಏನನ್ನೂ ಬದಲಿಸುವುದಿಲ್ಲ. ಪಾಸಾದರೆ ವ್ಯಾಲಿಡೇಟ್ ಜಾಗದಲ್ಲಿ ಕನ್ವರ್ಟ್ ಎಂದು ಹಾಕಿ ಅದೇ ಕಮಾಂಡ್ ಓಡಿಸಿ. ರೀಸ್ಟಾರ್ಟ್ ಮಾಡಿದ ಕೂಡಲೇ ಬಯೋಸ್‌ಗೆ ಹೋಗಿ ಸಿಎಸ್‌ಎಂ ಆಫ್ ಮಾಡಿ, ವಿಂಡೋಸ್ ಬೂಟ್ ಮ್ಯಾನೇಜರ್ ಎಂಬುದನ್ನು ಬೂಟ್ ಪಟ್ಟಿಯ ಮೇಲಕ್ಕೆ ತನ್ನಿ. ಪರಿವರ್ತನೆಯ ಕೊನೆಯಲ್ಲಿ ಆ ಕಮಾಂಡ್ ರಿಏಜೆಂಟ್.ಎಕ್ಸ್‌ಎಂಎಲ್ ಬಗ್ಗೆ ದೂರಿದರೆ ಹೆದರಬೇಡಿ. ವಿಂಡೋಸ್‌ಗೆ ಬಂದ ಮೇಲೆ ರಿಏಜೆಂಟ್‌ಸಿ /ಡಿಸೇಬಲ್, ನಂತರ ರಿಏಜೆಂಟ್‌ಸಿ /ಎನೇಬಲ್ (reagentc /disable, reagentc /enable) ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ನಮ್ಮೂರಿನ ಪಿಸಿಗಳು ಈ ಪರೀಕ್ಷೆಯಲ್ಲಿ ಎರಡು ಕಡೆ ಎಡವುತ್ತವೆ. ಒಂದು, ಸಿ, ಡಿ, ಇ, ಎಫ್ ಎಂದು ಡಿಸ್ಕನ್ನು ಹೋಳು ಮಾಡುವ ಅಭ್ಯಾಸ. ತೆರೆದು ನೋಡಿದರೆ 'ಸಾಫ್ಟ್‌ವೇರ್', 'ಸಾಂಗ್ಸ್', 'ಅಪ್ಪ ಆಫೀಸ್' ಎಂದು ಅಚ್ಚುಕಟ್ಟಾಗಿ ಹೆಸರಿಟ್ಟ ಡ್ರೈವ್‌ಗಳು. ಎಂಬಿಆರ್ ಡಿಸ್ಕಿನಲ್ಲಿ ಮೂರು ಪ್ರೈಮರಿ ಪಾರ್ಟಿಷನ್ ಆದ ಮೇಲೆ ನಾಲ್ಕನೆಯದನ್ನು ವಿಂಡೋಸ್ ಎಕ್ಸ್‌ಟೆಂಡೆಡ್ ಎಂಬ ಚೌಕಟ್ಟಿನ ಒಳಗಿನ ಲಾಜಿಕಲ್ ಹೋಳು ಮಾಡುತ್ತದೆ. ಸಿಸ್ಟಂ ರಿಸರ್ವ್ಡ್, ಸಿ, ಡಿ ಸೇರಿದರೇ ಮೂರು. ಎಂಬಿಆರ್2ಜಿಪಿಟಿಗೆ ಪ್ರೈಮರಿ ಮೂರಕ್ಕಿಂತ ಹೆಚ್ಚಿರಬಾರದು, ಲಾಜಿಕಲ್ ಒಂದೂ ಇರಬಾರದು. ಇ, ಎಫ್‌ನಲ್ಲಿರುವುದನ್ನೆಲ್ಲ ಹೊರಗೆ ಕಾಪಿ ಮಾಡಿ, ತೆರೆದು ನೋಡಿ ಖಾತ್ರಿ ಮಾಡಿಕೊಂಡು, ಆ ಎರಡನ್ನೂ ಅವುಗಳ ಎಕ್ಸ್‌ಟೆಂಡೆಡ್ ಚೌಕಟ್ಟನ್ನೂ ಅಳಿಸಿದ ಮೇಲೆ ಪರೀಕ್ಷೆ ಮತ್ತೆ ಓಡಿಸಿ.

ಇನ್ನೊಂದು, ಹಾರ್ಡ್‌ಡಿಸ್ಕ್ ಇದ್ದ ಪಿಸಿಗೆ ಆಮೇಲೆ ಎಸ್‌ಎಸ್‌ಡಿ ಸೇರಿಸಿದವರದು. ವಿಂಡೋಸ್ ಹಾಕುವಾಗ ಹಳೆಯ ಡಿಸ್ಕಿನ ಕೇಬಲ್ ಬಿಚ್ಚದಿದ್ದರೆ ಬೂಟ್ ಫೈಲುಗಳು ಅಲ್ಲೇ ಉಳಿದು ವಿಂಡೋಸ್ ಮಾತ್ರ ಎಸ್‌ಎಸ್‌ಡಿಯಲ್ಲಿ ಕೂರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 'ಸಿಸ್ಟಂ' ಎಂಬ ಪದ ಒಂದು ಡಿಸ್ಕಿನಲ್ಲಿ, 'ಬೂಟ್' ಎಂಬುದು ಇನ್ನೊಂದರಲ್ಲಿ ಕಂಡರೆ ಇದೇ ಕಥೆ. ಸಿ ಡ್ರೈವ್ ಪ್ರೈಮರಿಯೇ ಎಂದು ನೋಡಿ, ಅದನ್ನು ಆಕ್ಟಿವ್ ಮಾಡಿ, ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಸಿ: /ಎಫ್ ಬಯೋಸ್ (bcdboot C:\Windows /s C: /f BIOS) ಎಂದು ಕೊಟ್ಟು, ಪಿಸಿ ಆಫ್ ಮಾಡಿ ಹಾರ್ಡ್‌ಡಿಸ್ಕಿನ ಸಾಟಾ ಕೇಬಲ್ ಬಿಚ್ಚಿ. ಎಸ್‌ಎಸ್‌ಡಿ ಒಂದರಿಂದಲೇ ವಿಂಡೋಸ್ ಎದ್ದರೆ ಮಾತ್ರ ಪರಿವರ್ತನೆಗೆ ಕೈ ಹಾಕಿ.

ಸಿಎಸ್‌ಎಂ ಆಫ್ ಮಾಡುವ ಮುನ್ನ ಗ್ರಾಫಿಕ್ಸ್ ಕಾರ್ಡನ್ನೂ ನೋಡಿಕೊಳ್ಳಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಜಿಫೋರ್ಸ್ 210ರಂಥ ಹಳೆಯ ಕಾರ್ಡುಗಳಲ್ಲಿ ಯುಇಎಫ್‌ಐಗೆ ಬೇಕಾದ ಜಿಓಪಿ ಭಾಗ ಇಲ್ಲದಿದ್ದರೆ ಪರದೆ ಕಪ್ಪಗೇ ಉಳಿಯುತ್ತದೆ. ಜಿಪಿಯು-ಝಡ್ ಎಂಬ ತಂತ್ರಾಂಶ ತೆರೆದರೆ ಬಯೋಸ್ ಆವೃತ್ತಿಯ ಪಕ್ಕದಲ್ಲಿ ಯುಇಎಫ್‌ಐ ಚೌಕ ಟಿಕ್ ಆಗಿದೆಯೇ ಎಂದು ಗೊತ್ತಾಗುತ್ತದೆ. 9400ಎಫ್, 3600 ಎರಡರಲ್ಲೂ ಒಳಗೆ ಗ್ರಾಫಿಕ್ಸ್ ಇಲ್ಲ, ಬೋರ್ಡಿನ ಎಚ್‌ಡಿಎಂಐಗೆ ಕೇಬಲ್ ಬದಲಿಸಿ ಪ್ರಯೋಜನವಿಲ್ಲ. ಪರದೆ ಕಪ್ಪಾದರೆ ಪವರ್ ಕೇಬಲ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ನಾಣ್ಯದಂಥ ಸಿಆರ್2032 ಸೆಲ್ಲನ್ನು ಐದು ನಿಮಿಷ ತೆಗೆದಿಟ್ಟು ಹಾಕಿ. ಬಯೋಸ್ ಮೊದಲಿನಂತಾಗುತ್ತದೆ, ಪಿಟಿಟಿಯೂ ಮತ್ತೆ ಆಫ್ ಆಗಿರಬಹುದು.

ಇನ್ನು ವಿಂಡೋಸ್ 11 ಒಪ್ಪುವ ಪ್ರೊಸೆಸರ್ ಪಟ್ಟಿಯಲ್ಲಿ ನಿಜವಾಗಿಯೂ ಇಲ್ಲದ ಪಿಸಿಗಳು. ಮನೆಗಳಲ್ಲಿರುವ ಇಂಟೆಲ್ 7ನೇ ತಲೆಮಾರಿನವು ಮತ್ತು ಅದಕ್ಕೂ ಹಿಂದಿನವು, ರೈಜನ್ 1000 ಸರಣಿ, ಜೊತೆಗೆ 2200ಜಿ, 2400ಜಿ. ಈ ಕೊನೆಯ ಎರಡರ ಸಂಖ್ಯೆ 2ರಿಂದ ಶುರುವಾದರೂ ಒಳಗಿರುವುದು ಎಎಂಡಿಯ ಮೊದಲ ಝೆನ್ ವಿನ್ಯಾಸ, ಅದಕ್ಕೇ ಹೊರಗೆ. ಮೈಕ್ರೋಸಾಫ್ಟ್‌ನದೇ ಐಎಸ್‌ಓ (ವಿಂಡೋಸ್ ಹಾಕುವ ಫೈಲ್) ಇಳಿಸಿಕೊಂಡು, ಪೆನ್‌ಡ್ರೈವ್ ತಯಾರಿಸುವ ತಂತ್ರಾಂಶವಾದ ರೂಫಸ್‌ನಲ್ಲಿ ಪೆನ್‌ಡ್ರೈವ್ ಮಾಡುವಾಗ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಬೇಡಿಕೆ ತೆಗೆಯುವ ಟಿಕ್ ಹಾಕಿದರೆ 11 ಕೂರುತ್ತದೆ. ಟೆಲಿಗ್ರಾಂನಲ್ಲಿ ಸಿಗುವ 'ಲೈಟ್' ಐಎಸ್‌ಓಗಳನ್ನು ದಯವಿಟ್ಟು ಮುಟ್ಟಬೇಡಿ, ಯಾರು ಏನು ತೆಗೆದು ಏನು ತುಂಬಿದ್ದಾರೋ ತಿಳಿಯದು. ಹೀಗೆ ಹಾಕಿದ ಪಿಸಿಗೆ ತಿಂಗಳ ಅಪ್‌ಡೇಟ್ ಸಾಮಾನ್ಯವಾಗಿ ಬರುತ್ತದೆ, ಆದರೆ ಮೈಕ್ರೋಸಾಫ್ಟ್ ಖಾತ್ರಿ ಕೊಟ್ಟಿಲ್ಲ; ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿಯನ್ನು ನೀವೇ ಪೆನ್‌ಡ್ರೈವ್ ಮಾಡಿ ಹಾಕಬೇಕಾಗಬಹುದು. ಜಿಎಸ್‌ಟಿ ರಿಟರ್ನ್ ತುಂಬುವ, ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಚುಚ್ಚುವ ಪಿಸಿಗೆ ನಾನು ಇದನ್ನು ಹೇಳುವುದಿಲ್ಲ.

ಕೋರ್ 2 ಡ್ಯುಯೋ, ಕೋರ್ 2 ಕ್ವಾಡ್ ಇಟ್ಟುಕೊಂಡವರಿಗೆ ಯಾವ ಉಪಾಯವೂ ಇಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ ಎಸ್‌ಎಸ್‌ಇ4.2, ಪಾಪ್‌ಕೌಂಟ್ ಸೂಚನೆಗಳಿಲ್ಲದ ಪ್ರೊಸೆಸರ್‌ನಲ್ಲಿ ವಿಂಡೋಸ್ ಏಳುವುದೇ ಇಲ್ಲ. ಅಂಥವಕ್ಕೆ 4 ಜಿಬಿ ರ‍್ಯಾಮ್, ಒಂದು ಸಣ್ಣ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಕೊಡಿ. ಕನ್ನಡ ಟೈಪಿಂಗ್‌ಗೆ ಕಗಪ ವಿನ್ಯಾಸ ಅಲ್ಲೂ ಸಿಗುತ್ತದೆ.

ಎಲ್ಲ ಮುಗಿದ ಮೇಲೆ ಒಂದು ಕೆಲಸ ಬಾಕಿ. 24ಎಚ್2 ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಡಿಸ್ಕ್ ಎನ್‌ಕ್ರಿಪ್ಷನ್ (ಮಾಹಿತಿಗೆ ಹಾಕುವ ಬೀಗ) ತಾನಾಗಿಯೇ ಶುರುವಾಗಿರಬಹುದು. ಮುಂದೆ ಬಯೋಸ್ ಅಪ್‌ಡೇಟ್ ಮಾಡಿದಾಗ ಎಎಂಡಿ ಬೋರ್ಡುಗಳು ಎಫ್‌ಟಿಪಿಎಂ ಅಳಿಸಲೇ ಎಂದು ವೈ ಅಥವಾ ಎನ್ ಕೇಳುವುದುಂಟು. ವೈ ಒತ್ತಿದರೆ ಅದರಲ್ಲಿದ್ದ ಆ ಬೀಗದ ಕೀಲಿಯೂ ಅಳಿದು, ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಇವತ್ತೇ ನೋಡಿ, ಕಾಗದದಲ್ಲಿ ಬರೆದು, ಮನೆಯ ಕಂದಾಯದ ರಸೀದಿ ಇಡುವ ಫೈಲಿಗೆ ಸೇರಿಸಿ.