ಯೋಜನೆ ಜನರಿಗೆ ತಲುಪಿತಾ? ಅಳೆಯುವ ದಾರಿ ಬದಲಾದ ಬಗೆ

1952ರಲ್ಲಿ ದೇಶದಲ್ಲಿ ಹಳ್ಳಿಗಳ ಏಳಿಗೆಗಾಗಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಯೋಜನೆ ನಡೆಸುವವರೇ ತಮಗೆ ತಾವು ಅಂಕ ಕೊಟ್ಟುಕೊಳ್ಳಬಾರದು, ಅಲ್ವಾ? ಅದಕ್ಕೇ ಯೋಜನಾ ಆಯೋಗ ಅದೇ ವರ್ಷ ಕಾರ್ಯಕ್ರಮ ಮೌಲ್ಯಮಾಪನ ಸಂಸ್ಥೆಯನ್ನು ಕಟ್ಟಿತು. ಅದರ ಸಿಬ್ಬಂದಿ ಹಳ್ಳಿಗಳಿಗೆ ಹೋಗಿ, ನೋಡಿ, ವರದಿ ಬರೆದರು. ಒಳ್ಳೆಯ ಕೆಲಸವೇ. ಆದರೆ ಆ ವರದಿ ಯೋಜನೆ ರೂಪಿಸುವವರ ಓದಿಗೆ ಬರೆದದ್ದು. ಮಾಹಿತಿ ಕೊಟ್ಟ ಊರಿನವರು ಅದನ್ನು ತಿರುಗಿ ಪ್ರಶ್ನಿಸುವ ಜಾಗವೇ ಇರಲಿಲ್ಲ.

1990ರ ದಶಕದಲ್ಲಿ ಎರಡು ಹೊಸ ದಾರಿ ತೆರೆದವು. ಒಂದು ನಮ್ಮ ಬೆಂಗಳೂರಿನದು. ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಲ್ ಮತ್ತು ಅವರ ತಂಡ ನೀರು, ಕರೆಂಟು, ಪಾಲಿಕೆ, ಬಿಡಿಎ ಸೇವೆ ಹೇಗಿದೆ, ಲಂಚ ಕೊಡಬೇಕಾಯಿತಾ ಅಂತ ನಗರದ ಜನರನ್ನೇ ಕೇಳಿತು. ಉತ್ತರಗಳನ್ನು ಇಲಾಖೆಗಳ ಅಂಕಪಟ್ಟಿಯ ಹಾಗೆ 1994ರಲ್ಲಿ ಪ್ರಕಟಿಸಿತು. ಅಂಕ ತೀರಾ ಕಡಿಮೆ ಇತ್ತು. 1999 ಮತ್ತು 2003ರಲ್ಲಿ ಸಮೀಕ್ಷೆ ಮತ್ತೆ ನಡೆಯಿತು. ನನ್ನ ಪ್ರಕಾರ ಇದರ ನಿಜವಾದ ಬಲ ಇರುವುದು ಇಲ್ಲೇ. ಒಂದೇ ಸಲ ಕೇಳಿದರೆ ಅದು ಬರೀ ದೂರು. ಮತ್ತೆ ಮತ್ತೆ ಕೇಳಿದಾಗ ಸುಧಾರಿಸಿತೋ ಇಲ್ಲವೋ ತಿಳಿಯುತ್ತದೆ. ಆದರೂ ಜನರ ತೃಪ್ತಿ ಅಳೆದರೆ ದುಡ್ಡು ಎಲ್ಲಿಗೆ ಹೋಯಿತು ಅಂತ ಗೊತ್ತಾಗುವುದಿಲ್ಲ.

ಅದಕ್ಕೆ ದಾರಿ ತೋರಿಸಿದ್ದು ರಾಜಸ್ಥಾನದ ಕೂಲಿಕಾರರು. 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಎಂಬ ಕೂಲಿಕಾರರ, ರೈತರ ಸಂಘ ಜನರ ಮುಂದೆ ವಿಚಾರಣೆ ನಡೆಸಿತು. ಇಂಥ ವಿಚಾರಣೆಗಳಲ್ಲಿ ಕಾಮಗಾರಿಯ ಹಾಜರಿ ಪಟ್ಟಿ, ಬಿಲ್ಲುಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಿದ್ದರು. ಹೆಸರು ಕೂಗಿದ ಹಾಗೆ ಜನ ಎದ್ದು ಹೇಳುತ್ತಿದ್ದರು: ನಾನು ಆ ಕೆಲಸಕ್ಕೆ ಹೋಗೇ ಇಲ್ಲ, ನನಗೆ ಅಷ್ಟು ಕೂಲಿ ಬಂದೇ ಇಲ್ಲ. ದಾಖಲೆ ಏನು ಹೇಳುತ್ತದೆ, ಜನ ಏನು ಹೇಳುತ್ತಾರೆ ಎಂಬ ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಕಳವು ಕಣ್ಣಿಗೆ ಬಿತ್ತು. ಮಾಹಿತಿ ಹಕ್ಕಿನ ಹೋರಾಟ ಬಲಗೊಂಡದ್ದೂ ಇದರಿಂದಲೇ. ದಾಖಲೆಯ ಪ್ರತಿ ಕೈಗೆ ಸಿಗದಿದ್ದರೆ ಓದುವುದಾದರೂ ಏನನ್ನು?

2005ರ ಉದ್ಯೋಗ ಖಾತ್ರಿ ಕಾಯ್ದೆ ತನ್ನ 17ನೇ ಕಲಮಿನಲ್ಲಿ ಈ ಕ್ರಮಕ್ಕೆ ಜಾಗ ಕೊಟ್ಟಿತು. ಗ್ರಾಮಸಭೆ ಸಾಮಾಜಿಕ ಪರಿಶೋಧನೆ, ಅಂದರೆ ಊರಿನವರೇ ಕೂತು ಕಾಮಗಾರಿಯ ಲೆಕ್ಕ ನೋಡುವ ಕೆಲಸ, ಮಾಡಬೇಕು ಎಂದಿತು. ಪರಿಶೋಧನೆ ಮಾಡುವವರು ಕಾಮಗಾರಿ ಮಾಡಿಸುವವರ ಕೈಕೆಳಗೆ ಇರಬಾರದು ಎಂದು 2011ರ ನಿಯಮಗಳು ಸ್ಪಷ್ಟವಾಗಿ ಹೇಳಿದವು. ಆದರೆ ಪರಿಶೋಧನೆ ನಡೆಸುವ ಘಟಕಗಳ ಖರ್ಚಿಗೆ ಹಣ ಬರಬೇಕಾದ್ದು ಸರ್ಕಾರದಿಂದಲೇ. ಹಣ ತಡವಾದರೆ ಊರಿನ ಪರಿಶೋಧನೆಯೂ ತಡವಾಗುತ್ತದೆ. ಈ ಗಂಟು ಮಾತ್ರ ಇನ್ನೂ ಬಿಡಿಸಿಲ್ಲ.